ಬೀಳು ಭೂಮಿಯ ಹಕ್ಕಿ ಮತ್ತು ನಾವು ನೆಟ್ಟ ಸಸಿಗಳು

ಲಗ್ಗೆರೆಯ ನಮ್ಮ ಮನೆಗೆ ಬರುವ ಹಳೆಯ ವಿದ್ಯಾರ್ಥಿಗಳು ನಡುಮನೆಯ ಗೋಡೆಯ ಮೇಲಿರುವ ಒಂದು ಛಾಯಾಚಿತ್ರವನ್ನು ನೋಡಿ, "ಇದೇನು ಸಾರ್, ಖಾಲಿ ಬಯಲಿನ ಚಿತ್ರಕ್ಕೆ ಕಟ್ಟು ಹಾಕಿಸಿದ್ದೀರಿ?" ಎಂದು ಕೇಳುವುದುಂಟು. ಬಂಧುಗಳಲ್ಲಿ ಕೆಲವರಂತೂ ಅದರ ಜಾಗದಲ್ಲಿ ತೂಗುಹಾಕಲು ತಿರುಪತಿಯ ವೆಂಕಟರಮಣನ ಪಟವನ್ನೇ ತಂದುಕೊಟ್ಟರು. (ಆ ಪಟ ದೇವರ ಮನೆಯಲ್ಲಿ ಕ್ಷೇಮವಾಗಿದೆ.) ಚಿತ್ರವನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಹಳದಿ ಹುಲ್ಲಿನ ನಡುವೆ ಕತ್ತೆತ್ತಿ ನಿಂತ ಒಂದು ಸಣ್ಣ ಆಕೃತಿ ಕಾಣುತ್ತದೆ. ಅದನ್ನು ತೆಗೆದದ್ದು 2018ರ ಫೆಬ್ರುವರಿಯಲ್ಲಿ, ರಾಜಸ್ಥಾನದ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ. ಆದರೆ ಆ ಆಕೃತಿಯನ್ನು ನಾನು ಮೊದಲು ನೋಡಿದ್ದು ಅಲ್ಲಿಗೆ ನಾಲ್ಕು ದಶಕಗಳಿಗೂ ಹಿಂದೆ, ರಾಣೆಬೆನ್ನೂರಿನ ಹತ್ತಿರ, ನಿಮ್ಮಲ್ಲಿ ಕೆಲವರ ಜೊತೆಯಲ್ಲಿಯೇ. ಈ ಎರಡು ನೋಟಗಳ ನಡುವಿನ ಇತಿಹಾಸವನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ. ಬರೆಯಲು ಸಂಕೋಚವೂ ಇತ್ತು. ಅದರ ಕಾರಣ ಮುಂದೆ ತಿಳಿಯುತ್ತದೆ.

ನಿವೃತ್ತ ಶಿಕ್ಷಕರಾದ ನಾವು ನಾಲ್ಕು ಜನ ಸೇರಿ ಜೋಧಪುರದ ಮೂಲಕ ಜೈಸಲ್ಮೇರ್ ತಲುಪಿದೆವು. ಮರುಭೂಮಿ ಎಂದೊಡನೆ ನಮ್ಮ ಮನಸ್ಸಿನಲ್ಲಿದ್ದದ್ದು ಚಲನಚಿತ್ರಗಳಲ್ಲಿ ಕಂಡ ಮರಳ ದಿಬ್ಬಗಳು, ಅವುಗಳ ಮೇಲೆ ಸಾಲಾಗಿ ಸಾಗುವ ಒಂಟೆಗಳು. ಪೇಟೆಯಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದ ಸಮ್ ಎಂಬಲ್ಲಿ ಅಂಥ ದಿಬ್ಬಗಳೂ ಇವೆ, ಒಂಟೆಗಳೂ ಇವೆ, ಕಡಲೆಕಾಯಿ ಮಾರುವವರೂ ಇದ್ದಾರೆ. ಆದರೆ 1980ರಲ್ಲಿ ರೂಪುಗೊಂಡ, 3162 ಚದರ ಕಿಲೋಮೀಟರ್ ವಿಸ್ತಾರದ ಆ ಉದ್ಯಾನದಲ್ಲಿ ದಿಬ್ಬಗಳದ್ದು ಸಣ್ಣ ಪಾಲು. ಉಳಿದದ್ದೆಲ್ಲ ಗಟ್ಟಿ ನೆಲ, ಕಲ್ಲು ಹಾಸು, ಮತ್ತು ಕಣ್ಣು ಹಾಯುವವರೆಗೂ ಹುಲ್ಲು. ಹೆಸರಿಗೆ ರಾಷ್ಟ್ರೀಯ ಉದ್ಯಾನವಾದರೂ ಕಾನೂನಿನ ಲೆಕ್ಕದಲ್ಲಿ ಅದು ವನ್ಯಧಾಮ. ಒಳಗೆ ಹತ್ತಾರು ಹಳ್ಳಿಗಳೂ ಢಾಣಿಗಳೂ ಇವೆ, ಅವುಗಳ ಕುರಿ ಆಡು ದನಗಳೂ ಇವೆ.

ಸುದಾಸರಿ ಎಂಬ ಬೇಲಿ ಹಾಕಿದ ಹುಲ್ಲುಗಾವಲಿನ ಬಳಿ ಜೀಪು ನಿಂತಿತು. ಅಲ್ಲಿಂದ ಮುಂದೆ ಅರಣ್ಯ ರಕ್ಷಕರೊಬ್ಬರೊಡನೆ ಕಾಲ್ನಡಿಗೆ. ಬೆಳಗಿನ ಏಳು ಗಂಟೆಯ ಚಳಿಗೆ ನಮ್ಮಲ್ಲೊಬ್ಬರು ಮಂಕಿಕ್ಯಾಪಿನೊಳಗೇ ಅಡಗಿಹೋಗಿದ್ದರು. ರಕ್ಷಕರು ಒಂದೊಂದು ಗಿಡವನ್ನೂ ಮುಟ್ಟಿ ಹೆಸರು ಹೇಳುತ್ತಿದ್ದರು. 'ಸೇವಣ್' ಎಂಬ ಹುಲ್ಲು ಅಲ್ಲಿಯ ಜನರ ಬಂಗಾರ; ಮಳೆ ಬಾರದ ವರ್ಷದಲ್ಲಿಯೂ ಬೇರನ್ನು ಜೀವಂತವಾಗಿಟ್ಟುಕೊಂಡು, ನಾಲ್ಕು ಹನಿ ಬಿದ್ದೊಡನೆ ಚಿಗುರುತ್ತದೆ. 'ಆಕ್' ಎಂದು ಅವರು ತೋರಿಸಿದ್ದು ನಮ್ಮ ಎಕ್ಕ. 'ಬೇರ್' ಎಂದದ್ದು ನಮ್ಮ ಬೋರೆ. 'ಖೇಜ್‌ಡಿ' ಎಂದು ಭಕ್ತಿಯಿಂದ ಕೈಮುಗಿದು ತೋರಿಸಿದ ಮರವನ್ನು ನೋಡಿದಾಗ ನನಗೆ ನಗು ಬಂತು. ಅದು ನಮ್ಮ ಬನ್ನಿ! ವಿಜಯದಶಮಿಯ ದಿನ ಎಲೆ ಹಂಚಿ "ಬನ್ನಿ ತಗೊಂಡು ಬಂಗಾರದಂಗಿರೋಣ" ಎಂದು ಧಾರವಾಡದ ಕಡೆಯವರು ಹೇಳುತ್ತಾರಲ್ಲ, ಅದೇ ಮರ. ಇದೇ ಖೇಜ್‌ಡಿಯನ್ನು ಕಡಿಯಲು ಬಂದ ಜೋಧಪುರದ ಅರಸನ ಆಳುಗಳನ್ನು ತಡೆಯಲು 1730ರಲ್ಲಿ ಖೇಜಡ್ಲಿ ಎಂಬ ಹಳ್ಳಿಯಲ್ಲಿ ಅಮೃತಾದೇವಿಯ ಹಿಂದೆ 363 ಜನ ಬಿಷ್ಣೋಯಿಗಳು ಮರವನ್ನಪ್ಪಿ ಪ್ರಾಣ ಕೊಟ್ಟರೆಂಬುದನ್ನು ನಾನೇ ತರಗತಿಯಲ್ಲಿ ಪಾಠ ಮಾಡಿದ್ದೆ. ಆ ಮರ ನಮ್ಮೂರ ಬನ್ನಿಯೇ ಎಂಬುದು ಪಾಠ ಮಾಡುವಾಗ ನನಗೆ ತಿಳಿದಿರಲಿಲ್ಲ. ಪಠ್ಯಪುಸ್ತಕದಲ್ಲಿ ಇರಲಿಲ್ಲ, ನಾನೂ ವಿಚಾರಿಸಲಿಲ್ಲ.

ಎರಡು ಗಂಟೆ ನಡೆದ ಮೇಲೆ ರಕ್ಷಕರು ಕೈಯೆತ್ತಿ ನಮ್ಮನ್ನು ಕೂರಿಸಿದರು. ದೂರದಲ್ಲಿ, ಬಿಸಿಲು ಕುದಿಯತೊಡಗಿದ್ದ ಬಯಲಿನ ಅಂಚಿನಲ್ಲಿ, ಒಂದು ಎತ್ತರದ ಹಕ್ಕಿ ರಾಜಗಾಂಭೀರ್ಯದಿಂದ ಹೆಜ್ಜೆ ಹಾಕುತ್ತಿತ್ತು. ಉದ್ದನೆಯ ಬಿಳಿಯ ಕೊರಳು, ನೆತ್ತಿಯ ಮೇಲೆ ಕಪ್ಪು ಟೋಪಿ, ಕಂದುಬಣ್ಣದ ಬೆನ್ನು. "ಗೋಡಾವಣ್" ಎಂದು ಅವರು ಪಿಸುಗುಟ್ಟಿದರು. ನನ್ನ ಬಾಯಿಂದ ಅರಿವಿಲ್ಲದೆ ಬೇರೊಂದು ಹೆಸರು ಹೊರಟಿತು: "ಎರೆಭೂತ!"

ಗೆಳೆಯರು ನನ್ನತ್ತ ತಿರುಗಿ ನೋಡಿದರು. ಹಕ್ಕಿಯೂ ನೋಡಿತೋ ಏನೋ, ತಲೆ ಎತ್ತಿ ನಿಂತಿತು. ಆ ಕ್ಷಣದ ಚಿತ್ರವೇ ನಮ್ಮ ಗೋಡೆಯ ಮೇಲಿರುವುದು.

ಈಗ 1972ಕ್ಕೆ ಹೋಗೋಣ. ತುಮಕೂರು ಜಿಲ್ಲೆಯವನಾದ ನನಗೆ ಮೊದಲ ನೇಮಕವಾದದ್ದು ಆಗಿನ ಧಾರವಾಡ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಒಂದು ಪ್ರೌಢಶಾಲೆಗೆ. (ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.) ಊರಿಗೆ ಬಸ್ಸಿರಲಿಲ್ಲ. ಡಾಂಬರು ರಸ್ತೆಯಲ್ಲಿಳಿದು ನಾಲ್ಕು ಮೈಲಿ ನಡೆಯಬೇಕು. ದಾರಿಯೆಂದರೆ ಬಂಡಿಜಾಡು; ಎರಡೂ ಪಕ್ಕ ಬಟಾಬಯಲು. ಅಲ್ಲೊಂದು ಇಲ್ಲೊಂದು ಜಾಲಿ, ತಂಗಡಿ, ಬೋರೆ, ಕವಳಿಹಣ್ಣಿನ ಪೊದೆ. ಮಳೆಗಾಲದಲ್ಲಿ ಮೊಣಕಾಲುದ್ದದ ಹುಲ್ಲು. ಬೇಸಿಗೆಯಲ್ಲಿ ಅದೇ ಹುಲ್ಲು ಒಣಗಿ ಗಾಳಿಗೆ ಸರಸರ ಎನ್ನುವ ಸದ್ದು. ತೆಂಗಿನ ತೋಟಗಳ ನಡುವೆ ಬೆಳೆದ ನನಗೆ ಆ ಬಯಲು ಕಂಡು ಮೊದಲ ವಾರ ಅಳುವೇ ಬಂದಿತ್ತು. ಮನೆಗೆ ಬರೆದ ಕಾಗದದಲ್ಲಿ "ಮರುಭೂಮಿಯಂಥ ಊರು" ಎಂದು ಬರೆದಿದ್ದೆ.

ಪ್ರತಿ ಸೋಮವಾರ ನನಗೆ ಜೊತೆಯಾಗುತ್ತಿದ್ದವನು ನನ್ನದೇ ತರಗತಿಯ, ಕುರುಬರ ಮನೆಯ ಹುಡುಗ. ಅಪ್ಪನಿಗೆ ಕುರಿ ಹೊಡೆದುಕೊಟ್ಟು ಶಾಲೆಗೆ ಬರುತ್ತಿದ್ದ. 1974ರ ಮಳೆಗಾಲದ ಒಂದು ಬೆಳಿಗ್ಗೆ ಅವನು ನನ್ನ ತೋಳು ಹಿಡಿದು ನಿಲ್ಲಿಸಿದ. ಹುಲ್ಲಿನಾಚೆ ಒಂದು ಗಂಡುಹಕ್ಕಿ ಕೊರಳ ಚೀಲವನ್ನು ಉಬ್ಬಿಸಿ ನೆಲಕ್ಕೆ ತಾಗುವಂತೆ ಜೋಲಿಸಿ, ಬಾಲವನ್ನು ಬೆನ್ನ ಮೇಲಕ್ಕೆ ಮಡಚಿ, ಹೂಂಕರಿಸುತ್ತಿತ್ತು. ಆ ಸದ್ದು ಬಾವಿಯೊಳಗಿಂದ ಬಂದಂತಿತ್ತು. "ಎರೆಭೂತ್ರಿ ಸರ್" ಎಂದ. ಎರೆಯ ಹೊಲದಲ್ಲಿ ಇದ್ದಕ್ಕಿದ್ದಂತೆ ಎದ್ದು ನಿಲ್ಲುವ ಭೂತ! ಪುಸ್ತಕಗಳಲ್ಲಿ ಇದಕ್ಕೆ ಹೆಬ್ಬಕ, ದೊರೆವಾಯನ ಹಕ್ಕಿ ಎಂಬ ಹೆಸರುಗಳಿವೆ. ನನಗೆ ಅವನು ಹೇಳಿದ ಹೆಸರೇ ಸರಿಯೆನಿಸುತ್ತದೆ.

ಗಂಡು ಒಂದು ಮೀಟರ್ ಎತ್ತರ, 15 ಕಿಲೋವರೆಗೂ ತೂಕ. ಹಾರಬಲ್ಲ ಹಕ್ಕಿಗಳಲ್ಲಿ ಜಗತ್ತಿನಲ್ಲೇ ಅತಿ ಭಾರದವುಗಳಲ್ಲಿ ಒಂದು. ಹೆಣ್ಣು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿ ನೆಲದ ಮೇಲೆ. ಮರದ ಮೇಲೆ ಕೂರುವ ಹಕ್ಕಿಯಲ್ಲ. ಮರವೆಂದರೆ ಅದಕ್ಕೆ ಅಂಜಿಕೆ. ದೂರದಿಂದ ಬರುವ ನರಿಯನ್ನೋ ನಾಯಿಯನ್ನೋ ಕಾಣಲು ಅದಕ್ಕೆ ತೆರೆದ ಬಯಲೇ ಬೇಕು. ಮಿಡತೆ, ಜೀರುಂಡೆ, ಓತಿಕ್ಯಾತ, ಬೋರೆಹಣ್ಣು, ಹೊಲದ ಶೇಂಗಾ, ಹೀಗೆ ಸಿಕ್ಕಿದ್ದನ್ನು ತಿನ್ನುತ್ತದೆ. ಇವೆಲ್ಲ ಆಗ ನನಗೆ ತಿಳಿದಿರಲಿಲ್ಲ. ದೇಶಕ್ಕೊಂದು ರಾಷ್ಟ್ರಪಕ್ಷಿಯನ್ನು ಆರಿಸುವಾಗ ಸಲೀಂ ಅಲಿಯವರು ಇದರ ಹೆಸರನ್ನು ಸೂಚಿಸಿದ್ದರೆಂದೂ, 1963ರಲ್ಲಿ ಆ ಗೌರವ ನವಿಲಿಗೆ ಹೋಯಿತೆಂದೂ ಮುಂದೆ ಓದಿದೆ. ಇದರ ಇಂಗ್ಲಿಷ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಬೈಗುಳವಾಗುತ್ತದೆಂಬ ಭಯವೂ ಅದಕ್ಕೆ ಒಂದು ಕಾರಣವೆಂದು ಹೇಳುತ್ತಾರೆ. ಕಾಗುಣಿತದ ಭಯ ಎಂಥೆಂಥವರನ್ನು ಕಾಡುತ್ತದೆ ನೋಡಿ!

ಅದೇ 1974ರಲ್ಲಿ ರಾಣೆಬೆನ್ನೂರಿನ ಹುನಸಿಕಟ್ಟಿ, ಹುಲ್ಲತ್ತಿ, ಅಲಗೇರಿ ಭಾಗಗಳನ್ನು ಸೇರಿಸಿ 119 ಚದರ ಕಿಲೋಮೀಟರ್ ಪ್ರದೇಶವನ್ನು ಕೃಷ್ಣಮೃಗ ವನ್ಯಧಾಮವೆಂದು ಸರ್ಕಾರ ಘೋಷಿಸಿತು. ಕೃಷ್ಣಮೃಗವನ್ನು ಆ ಕಡೆ ಚಿಗರಿ ಎನ್ನುತ್ತಾರೆ. ಚಿಗರಿಯ ಜೊತೆಗೆ ಎರೆಭೂತವೂ ಅಲ್ಲಿಯ ಹೆಮ್ಮೆಯಾಗಿತ್ತು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಆ ವನ್ಯಧಾಮದ ಹಕ್ಕಿಗಳನ್ನು ಪಟ್ಟಿಮಾಡಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದೇ ನೇಗಿನಹಾಳರು 1982ರಿಂದ ಬೆಂಗಳೂರಿನಲ್ಲಿ 15 ಲಕ್ಷ ಸಸಿಗಳನ್ನು ನೆಡಿಸಿದವರು. ಇಂದು ನಾವು ನಗರದ ರಸ್ತೆಗಳಲ್ಲಿ ಅನುಭವಿಸುವ ನೆರಳಿನಲ್ಲಿ ಅವರ ಪಾಲು ದೊಡ್ಡದು. 2021ರಲ್ಲಿ ಕೋವಿಡ್ಡಿಗೆ ಬಲಿಯಾದರು. ಬಯಲನ್ನು ಬಯಲಾಗಿ ನೋಡಿದ ಕಣ್ಣೂ, ನಗರಕ್ಕೆ ಮರ ತಂದ ಕೈಯೂ ಒಬ್ಬರಲ್ಲೇ ಇದ್ದವು. ಎಲ್ಲಿ ಮರ ಬೇಕು, ಎಲ್ಲಿ ಬೇಡ ಎಂಬ ವಿವೇಕ ನಮ್ಮಂಥವರಿಗೆ ಆಗ ಇರಲಿಲ್ಲ.

ಈಗ ನನ್ನ ಸಂಕೋಚದ ವಿಷಯ.

ಆಗಿನ ಭೂಗೋಳ ಪಾಠದಲ್ಲಿ ಭೂಮಿಯ ವರ್ಗೀಕರಣ ಬರುತ್ತಿತ್ತು: ನೀರಾವರಿ, ಖುಷ್ಕಿ, ಅರಣ್ಯ, ಬೀಳು. "ಬೀಳು ಎಂದರೇನು?" ಎಂಬುದು ಎರಡು ಅಂಕದ ಪ್ರಶ್ನೆ. "ಏನೂ ಬೆಳೆಯದ, ಉಪಯೋಗಕ್ಕೆ ಬಾರದ ಭೂಮಿ" ಎಂಬುದು ನಾನು ಬರೆಯಿಸಿದ್ದ ಉತ್ತರ. ಕುರುಬರ ಹುಡುಗ ಪರೀಕ್ಷೆಯಲ್ಲಿ, "ಬೀಳಿನಲ್ಲಿ ಹುಲ್ಲು ಬೆಳೆಯುತ್ತದೆ. ಕುರಿ, ದನ, ಚಿಗರಿ ಮೇಯುತ್ತವೆ" ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ಗೀಟು ಹಾಕಿ ಸೊನ್ನೆ ಕೊಟ್ಟೆ. ತರಗತಿಯಲ್ಲಿ ಕರೆದು ಬುದ್ಧಿಯನ್ನೂ ಹೇಳಿದೆ. "ಆದ್ರ ಹುಲ್ಲು ಬೆಳೀತೈತಲ್ರಿ ಸರ್" ಎಂದ. ತರಗತಿ ನಕ್ಕಿತು. ನಾನೂ ನಕ್ಕೆ.

ಈ 'ಬೀಳು' ಎಂಬ ಮಾತಿನ ಹಿಂದೆ ಒಂದು ಇತಿಹಾಸವಿದೆಯೆಂದು ನಾನು ಅರಿತದ್ದು ನಿವೃತ್ತಿಯ ನಂತರ. ಬ್ರಿಟಿಷರ ಕಂದಾಯ ಲೆಕ್ಕದಲ್ಲಿ ಸರ್ಕಾರಕ್ಕೆ ತೆರಿಗೆ ತಾರದ ನೆಲವೆಲ್ಲ 'ವೇಸ್ಟ್'. ಉಳುವ ರೈತನಿಂದ ಕಂದಾಯ ಬರುತ್ತದೆ, ತೇಗದ ಕಾಡಿನಿಂದ ಹಣ ಬರುತ್ತದೆ. ಕುರಿಗಾಹಿಯ ಹುಲ್ಲಿನಿಂದ ಏನು ಬರುತ್ತದೆ? ಅದಕ್ಕೂ ಮುಂಚಿನ ನಮ್ಮ ಅರಸರು ಹೀಗೆ ನೋಡಲಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯೇ ಇತ್ತು. ಅರಮನೆಯ ದನಗಳಿಗಾಗಿ ರಾಜ್ಯದುದ್ದಕ್ಕೂ ಹುಲ್ಲುಗಾವಲುಗಳನ್ನು ಮೀಸಲಿಟ್ಟು, ಅವನ್ನು 'ಕಾವಲು' ಎಂದು ಕರೆದರು. ಬೇಸಿಗೆಯ ಕಾವಲು ಬೇರೆ, ಮಳೆಗಾಲದ ಕಾವಲು ಬೇರೆ. ದನಗಳು ಋತುವಿಗನುಸಾರ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿದ್ದವು. ಹೈದರಾಲಿಯ ಫಿರಂಗಿಗಳನ್ನು ಎಳೆದ ಎತ್ತುಗಳು ಈ ಹುಲ್ಲಿನಲ್ಲಿ ಬೆಳೆದವು. ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ ಮಹಲ್' ಎಂಬ ಹೆಸರಿಟ್ಟ. ಕಾಯುವ ನೆಲವನ್ನು 'ಕಾವಲು' ಎಂದ ಭಾಷೆ ನಮ್ಮದು. ನಾನು ಮಕ್ಕಳಿಗೆ ಕಲಿಸಿದ್ದು 'ಬೀಳು' ಎಂಬ ಒಂದೇ ಮಾತನ್ನು.

ಟಿಪ್ಪುವಿನ ಹೆಸರು ಬಂದದ್ದರಿಂದ ಇನ್ನೊಂದು ಸಂಗತಿ. ನೀಲಗಿರಿ ಮರವನ್ನು ಭಾರತಕ್ಕೆ ಮೊದಲು ತಂದವನೂ ಅವನೇ ಎನ್ನುತ್ತಾರೆ. 1790ರ ಸುಮಾರಿಗೆ ಆಸ್ಟ್ರೇಲಿಯಾದ ಬೀಜಗಳು ನಂದಿಬೆಟ್ಟದ ಅವನ ತೋಟದಲ್ಲಿ ಮೊಳೆತವು. ಆ ಮರಗಳ ಸಂತತಿಯಿಂದ ಬಂದ ಬೆರಕೆ ತಳಿಯೇ 'ಮೈಸೂರು ಗಮ್' ಎಂಬ ಹೆಸರಿನಲ್ಲಿ ಮುಂದೆ ದೇಶವೆಲ್ಲ ಹರಡಿತು. ಹೀಗೆ ಒಬ್ಬನೇ ದೊರೆಯ ಕಾಲದಲ್ಲಿ ಹುಲ್ಲಿನ ಕಾವಲೂ ಇತ್ತು, ಹುಲ್ಲನ್ನು ಮುಂದೆ ನುಂಗಲಿದ್ದ ಮರವೂ ಬೇರುಬಿಟ್ಟಿತು. ಅವನಿಗೆ ಅದು ತೋಟದ ಒಂದು ಕುತೂಹಲದ ಗಿಡ, ಅಷ್ಟೆ. ಅವನನ್ನು ದೂರುವಂತಿಲ್ಲ.

ಕೆ. ಎಂ. ಮುನ್ಷಿಯವರು 1950ರಲ್ಲಿ ವನಮಹೋತ್ಸವವನ್ನು ಆರಂಭಿಸಿದ್ದರು. ಜುಲೈ ತಿಂಗಳ ಮೊದಲ ವಾರ ಶಾಲೆಗಳಲ್ಲೆಲ್ಲ ಗಿಡ ನೆಡುವ ಸಂಭ್ರಮ. 1950ರ ದಶಕದ ಕೊನೆಯಿಂದಲೇ ರಾಣೆಬೆನ್ನೂರಿನ ಕುರುಚಲು ಬಯಲಿನಲ್ಲಿ ಅರಣ್ಯ ಇಲಾಖೆ ನೀಲಗಿರಿಯ ತೋಪುಗಳನ್ನು ಎಬ್ಬಿಸಿತ್ತು. ವನ್ಯಧಾಮವಾದ ಮೇಲೂ ಆ ತೋಪುಗಳು ಉಳಿದವು. ಎಂಬತ್ತರ ದಶಕದಲ್ಲಿ 'ಸಾಮಾಜಿಕ ಅರಣ್ಯ'ದ ಅಲೆ ಎದ್ದಾಗ ಸಸಿಗಳು ಬಿಟ್ಟಿಯಾಗಿ ದೊರೆಯತೊಡಗಿದವು. ನೀಲಗಿರಿಯೇ ಏಕೆಂದರೆ, ಅದನ್ನು ದನ ತಿನ್ನುವುದಿಲ್ಲ, ಕಾವಲಿಗೆ ಆಳು ಬೇಡ, ಬೇಗ ಬೆಳೆಯುತ್ತದೆ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ರೇಯಾನ್ ಬಟ್ಟೆಯ ತಿರುಳಿಗೆ ತುಂಗಭದ್ರಾ ದಂಡೆಯಲ್ಲಿಯೇ, ಅದೇ ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಇತ್ತು.

1981ರ ಜುಲೈಯಲ್ಲಿ ನಾನು ಮುಂದೆ ನಿಂತು, ನಿಮ್ಮನ್ನೆಲ್ಲ ಸಾಲಾಗಿ ಕರೆದೊಯ್ದು, ಶಾಲೆಯ ಹಿಂದಿನ ಬಯಲಿನಲ್ಲಿ 600 ನೀಲಗಿರಿ ಸಸಿಗಳನ್ನು ನೆಡಿಸಿದೆ. ನೆನಪಿದೆಯೇ? ಒಬ್ಬೊಬ್ಬರಿಗೂ ಒಂದು ಪೆಪ್ಪರಮಿಂಟು ಕೊಟ್ಟಿದ್ದೆ. ಮುಖ್ಯೋಪಾಧ್ಯಾಯರು ಭಾಷಣ ಮಾಡಿದರು, ನಾನು ವಂದನಾರ್ಪಣೆ ಮಾಡುತ್ತ "ಮರುಭೂಮಿಯನ್ನು ನಂದನವನ ಮಾಡುತ್ತಿದ್ದೇವೆ" ಎಂದೆ. ನೆಡಲು ಗುಂಡಿ ತೋಡುವಾಗ ಹುಲ್ಲಿನ ನಡುವೆ ಒಂದು ಟಿಟ್ಟಿಭದ ಮೊಟ್ಟೆಗಳು ಸಿಕ್ಕವು. ಹಕ್ಕಿ ನಮ್ಮ ತಲೆಯ ಮೇಲೆ ಕೂಗುತ್ತ ಸುತ್ತುತ್ತಿತ್ತು. ಹುಡುಗಿಯೊಬ್ಬಳು "ಆ ಗುಂಡಿ ಬಿಡೋಣ್ರಿ" ಎಂದಳು. ಸಾಲು ಕೆಡುತ್ತದೆಂದು ನಾನು ಒಪ್ಪಲಿಲ್ಲ. ಅವಳು ಇದನ್ನು ಓದುತ್ತಿದ್ದರೆ, ಈ ಮುದುಕನನ್ನು ಕ್ಷಮಿಸಲಿ.

600 ಸಸಿಗಳಿಂದ ಹಕ್ಕಿಯ ಕುಲ ಅಳಿಯಿತೆಂದು ನಾನು ಹೇಳುತ್ತಿಲ್ಲ. ನಮ್ಮದು ಲಕ್ಷಾಂತರ ಸಸಿಗಳಲ್ಲಿ 600. ಅದಕ್ಕೂ ಮೊದಲು ಬಂದೂಕುಗಳಿದ್ದವು. ಬೇಟೆಗಾರರಿಗೆ ಇದರ ಮಾಂಸ ಬಲು ರುಚಿಯೆಂಬ ಮಾತು ಬಾಬರನ ಆತ್ಮಕಥೆಯಲ್ಲಿಯೇ ಬರುತ್ತದೆ. 1972ರ ವನ್ಯಜೀವಿ ಕಾಯ್ದೆ ಬಂದೂಕನ್ನು ತಕ್ಕಮಟ್ಟಿಗೆ ತಡೆಯಿತು. ನೇಗಿಲು, ಕಾಲುವೆ, ಬೀದಿನಾಯಿ ಇವುಗಳನ್ನು ತಡೆಯುವವರಾರು? ಆದರೂ ರಾಣೆಬೆನ್ನೂರಿನಲ್ಲಿ ನಡೆದದ್ದು ವಿಚಿತ್ರ. ನೀಲಗಿರಿಯ ನೆರಳಿನಲ್ಲಿ ಮರೆ ಪಡೆದು, ಸುತ್ತಲ ಹೊಲಗಳಲ್ಲಿ ಮೇಯ್ದು ಚಿಗರಿಗಳು ಸಾವಿರಗಟ್ಟಲೆಯಾದವು. ಬಿತ್ತಿದ ಪೈರು ಕಳೆದುಕೊಂಡ ರೈತರ ಗೋಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮರ ಎದ್ದಂತೆ ಬಯಲು ಮುಚ್ಚಿತು, ಎರೆಭೂತ ಕಡಿಮೆಯಾಗುತ್ತ ಹೋಗಿ ಕೊನೆಗೆ ಕಾಣದಾಯಿತು. ಒಂದೇ ವನ್ಯಧಾಮದಲ್ಲಿ ಕಾಪಾಡಲು ಹೊರಟ ಎರಡು ಜೀವಗಳಲ್ಲಿ ಒಂದು ಉಕ್ಕಿತು, ಒಂದು ಅಳಿಯಿತು. ಮಧ್ಯಪ್ರದೇಶದ ಕರೇರಾ ಎಂಬಲ್ಲಿಯೂ ಈ ಹಕ್ಕಿಗೆಂದೇ ವನ್ಯಧಾಮ ಮಾಡಿದ್ದರು; ಅಲ್ಲಿಯೂ 1990ರ ದಶಕದಲ್ಲಿ ಹಕ್ಕಿ ಮಾಯವಾಯಿತು.

ನಾವು ಶಿಕ್ಷಕರು ಅರಿಯದಿದ್ದದ್ದನ್ನು ರೈತರು ಅರಿತಿದ್ದರು. 1983ರಲ್ಲಿಯೇ ನನ್ನ ತವರಾದ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಸಸಿತೋಟಕ್ಕೆ ನುಗ್ಗಿ ನೀಲಗಿರಿಯನ್ನು ಕಿತ್ತು, ಹುಣಸೆ ಮಾವಿನ ಬೀಜ ಹಾಕಿದರು. ಪತ್ರಿಕೆಯಲ್ಲಿ ಓದಿ, ಗಿಡ ಕೀಳುವ ಜನರೂ ಇದ್ದಾರೆಯೇ ಎಂದು ಸಿಟ್ಟಾಗಿದ್ದೆ. ಮುಂದಿನ ವರ್ಷ ನನಗೆ ಬೆಂಗಳೂರಿಗೆ ವರ್ಗವಾಯಿತು. ಅದೇ 1984ರಲ್ಲಿ ಸರ್ಕಾರವೂ ಕಾರ್ಖಾನೆಯೂ ಕೂಡಿ 'ಕರ್ನಾಟಕ ಪಲ್ಪ್‌ವುಡ್' ಎಂಬ ಕಂಪನಿಯನ್ನು ಕಟ್ಟಿ, ಸುಮಾರು 75,000 ಎಕರೆ ಊರೊಟ್ಟಿನ ನೆಲವನ್ನು ನೀಲಗಿರಿಗಾಗಿ ಅದಕ್ಕೆ ವಹಿಸಲು ಹೊರಟವು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದನ್ನು ವಿರೋಧಿಸಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರೂ ಇತ್ತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಆ ಸತ್ಯಾಗ್ರಹಕ್ಕೆ 'ಕಿತ್ತಿಕೋ-ಹಚ್ಚಿಕೋ' ಎಂದು ಹೆಸರು. 1990ರ ದಶಕದ ಆರಂಭದಲ್ಲಿ ಆ ಕಂಪನಿ ಮುಚ್ಚಿತು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಆ ಸುದ್ದಿ ಓದಿದ ದಿನ ನಾನು ಲಗ್ಗೆರೆಯಿಂದ ಪೀಣ್ಯದವರೆಗೂ ಸುಮ್ಮನೆ ನಡೆದುಹೋಗಿ ಬಂದೆ. ಮನೆಯವರು "ಎಲ್ಲಿಗೆ ಹೋಗಿದ್ದಿರಿ?" ಎಂದರೆ ಹೇಳಲು ಏನೂ ಇರಲಿಲ್ಲ.

ಕುಸನೂರಿನವರ ವಾದ ಹಕ್ಕಿಯ ಪರವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಅವರು ಕೇಳಿದ್ದು ಹುಲ್ಲು, ಸೌದೆ, ಊರಿನ ಹಕ್ಕು. ಆದರೆ ದನ ಮೇಯುವ ನೆಲವೂ ಹಕ್ಕಿ ಮೊಟ್ಟೆಯಿಡುವ ನೆಲವೂ ಒಂದೇ ಆದುದರಿಂದ ಒಂದನ್ನು ಉಳಿಸಿಕೊಂಡರೆ ಇನ್ನೊಂದಕ್ಕೂ ಆಸರೆಯಾಗುತ್ತಿತ್ತು. ಜೈಸಲ್ಮೇರಿನಲ್ಲಿ ಇದನ್ನೇ ಕಂಡೆ. ಅಲ್ಲಿಯ ಹಳ್ಳಿಗಳಲ್ಲಿ 'ಓರಣ್' ಎಂಬ ದೇವರ ಬಯಲುಗಳಿವೆ. ನಮ್ಮ ಕೊಡಗಿನ ದೇವರಕಾಡುಗಳಂತೆಯೇ. ಆದರೆ ಕಾಡಲ್ಲ, ಬಯಲು! ಅಲ್ಲಿ ಮರ ಕಡಿಯುವಂತಿಲ್ಲ, ನೇಗಿಲು ಹೂಡುವಂತಿಲ್ಲ. ದನ ಕುರಿ ಮೇಯಬಹುದು. ದೇವರಿಗೆ ಬಯಲನ್ನೂ ಮೀಸಲಿಡಬಹುದೆಂದು ಆ ಜನಕ್ಕೆ ಹೊಳೆದಿತ್ತು. 1970ರ ದಶಕದ ಕೊನೆಯಲ್ಲಿ ಅರಬ್ ರಾಜಮನೆತನದವರು ಡೇಗೆಗಳನ್ನು ಹಿಡಿದು ಅಲ್ಲಿಗೆ ಬೇಟೆಗೆ ಬಂದಾಗ ರಾಜಸ್ಥಾನದ ಜನ ಪ್ರತಿಭಟಿಸಿದರು. 1980ರಲ್ಲಿ ಜೈಪುರದಲ್ಲಿ ಈ ಹಕ್ಕಿಗಳ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವೇ ನಡೆಯಿತು. ಮರುಭೂಮಿಯ ಉದ್ಯಾನ ಆದದ್ದು ಅದೇ ವರ್ಷ.

ಅಲ್ಲಿಯೂ ಎಲ್ಲವೂ ಸರಿಯಿಲ್ಲ. ಬೇಲಿಯಾಚೆ ಗಾಳಿಯಂತ್ರಗಳ ಸಾಲು, ವಿದ್ಯುತ್ ತಂತಿಗಳ ಜಾಲ. ಎರೆಭೂತಕ್ಕೆ ಮುಂದಿನದು ಸರಿಯಾಗಿ ಕಾಣಿಸುವುದಿಲ್ಲ. ಕಣ್ಣುಗಳು ಪಕ್ಕಕ್ಕಿವೆ, ಮೈ ಭಾರ, ಹಾರುವಾಗ ತಟ್ಟನೆ ತಿರುಗಲಾರದು. ತಂತಿಗೆ ಬಡಿದು ಸಾಯುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟು ತಂತಿಗಳನ್ನು ನೆಲದೊಳಗೆ ಹೂಳಲು ಆದೇಶಿಸಿತು. 2024ರಲ್ಲಿ ಆ ಆದೇಶವನ್ನು ಬದಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಸೂರ್ಯನಿಂದ ವಿದ್ಯುತ್ತು ಬೇಡವೆಂದು ಹೇಳಲು ನನಗೆ ಬಾಯಿಲ್ಲ. ನಮ್ಮ ಪಾವಗಡದಲ್ಲಿ 13,000 ಎಕರೆ ಸೌರಫಲಕಗಳು ಬಂದ ಮೇಲೆ, ಮಳೆ ಕಾಣದ ರೈತರಿಗೆ ವರ್ಷಕ್ಕೆ ಎಕರೆಗೆ 21,000 ರೂಪಾಯಿ ಗುತ್ತಿಗೆಯ ಹಣ ಕೈಸೇರತೊಡಗಿತು. ಆದರೆ ಅಂಥ ಯೋಜನೆಗೆ ಜಾಗ ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ಅದೇ 'ಬೀಳು'. ಚಳ್ಳಕೆರೆಯ ಕುದಾಪುರ, ವರವು ಕಾವಲುಗಳಲ್ಲಿ ಸುಮಾರು 10,000 ಎಕರೆ ಅಮೃತ ಮಹಲ್ ಹುಲ್ಲುಗಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. 2000ದಲ್ಲಿ ಪ್ರಕಟವಾದ ದೇಶದ ಬಂಜರು ಭೂಮಿಯ ನಕ್ಷಾಪುಸ್ತಕದಲ್ಲಿ ಇಂಥ ಕುರುಚಲು ಬಯಲುಗಳೆಲ್ಲ ಬಂಜರೆಂದೇ ಬಣ್ಣ ಪಡೆದಿವೆ. ನಾನು ಹಾಕಿದ ಕೆಂಪು ಗೀಟು ಅಲ್ಲಿಯೂ ಇದೆ.

ಈಗ ಇಡೀ ದೇಶದಲ್ಲಿ ಈ ಹಕ್ಕಿಗಳು 150ಕ್ಕಿಂತ ಹೆಚ್ಚಿಲ್ಲವೆಂದು ಅಂದಾಜು; ಬಹುಪಾಲು ಜೈಸಲ್ಮೇರಿನಲ್ಲಿಯೇ. 2011ರಲ್ಲಿ ಇದನ್ನು ಅಳಿವಿನಂಚಿನ ಅತ್ಯಂತ ಅಪಾಯದ ಪಟ್ಟಿಗೆ ಸೇರಿಸಿದರು. ನಾವು ಹೋಗಿಬಂದ ಮರುವರ್ಷ ಸಮ್‌ನಲ್ಲಿ ಮೊಟ್ಟೆಗಳನ್ನು ತಂದು ಮರಿಮಾಡುವ ಕೇಂದ್ರ ಆರಂಭವಾಯಿತು. 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು. ಆ ಕೇಂದ್ರಗಳಲ್ಲಿನ ಹಕ್ಕಿಗಳು 2025ರ ಹೊತ್ತಿಗೆ 60ನ್ನು ದಾಟಿದ್ದವು. ನಮ್ಮ ನಾಡಿನಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಹಕ್ಕಿಗಳನ್ನು ಅಲ್ಲಿಯ ಪಕ್ಷಿಪ್ರೇಮಿಗಳು ಗುರುತಿಸಿದ್ದಾರೆ. ನಾನು ಹೋಗಿಲ್ಲ. ಹೋಗಿ ಅವುಗಳನ್ನು ಬೆದರಿಸುವುದೂ ಬೇಡವೆನಿಸುತ್ತದೆ. ಬೆಂಗಳೂರಿನಲ್ಲಿರುವವರು ಮಕ್ಕಳಿಗೆ ಇಂಥ ಬಯಲನ್ನು ತೋರಿಸಬೇಕೆಂದಿದ್ದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ 798 ಎಕರೆ ಅಲ್ಲಿದೆ. ಬೆಳಿಗ್ಗೆ ಬೇಗ ಹೋಗಿ, ಸದ್ದಿಲ್ಲದೆ ನಡೆಯಿರಿ. ಚಿಗರಿಗಳು ನೆಗೆಯುವುದನ್ನು ನೋಡಬಹುದು.

2022ರ ಡಿಸೆಂಬರಿನಲ್ಲಿ, ಹಳೆಯ ವಿದ್ಯಾರ್ಥಿಗಳು ಕರೆದರೆಂದು, ಮೊದಲು ಕೆಲಸ ಮಾಡಿದ ಆ ಊರಿಗೆ ಹೋಗಿದ್ದೆ. ಶಾಲು ಹಾರ ಎಲ್ಲ ಮುಗಿದ ಮೇಲೆ ಶಾಲೆಯ ಹಿಂದಕ್ಕೆ ನಡೆದೆ. ನಾವು ನೆಟ್ಟ ಮರಗಳನ್ನು ಮೂರು ಸಲ ಕಡಿದಿದ್ದರಂತೆ. ಪ್ರತಿ ಸಲವೂ ಬುಡದಿಂದ ನಾಲ್ಕೈದು ಕವಲಾಗಿ ಎದ್ದು ನಿಂತಿವೆ. ಕೆಳಗೆ ಒಣ ಎಲೆಯ ಹಾಸು, ಹುಲ್ಲಿನ ಒಂದು ಎಸಳಿಲ್ಲ. ತೋಪಿನಾಚೆ, ಕಲ್ಲು ಹೆಚ್ಚೆಂದು ಗಿಡ ನೆಡದೆ ಬಿಟ್ಟಿದ್ದ ಎರಡು ಎಕರೆ ಜಾಗದಲ್ಲಿ ಮಾತ್ರ ಹುಲ್ಲು ಇನ್ನೂ ಗಾಳಿಗೆ ಸರಸರ ಎನ್ನುತ್ತಿತ್ತು. ಅಲ್ಲಿ ಕುರಿ ಮೇಯಿಸುತ್ತ ನಿಂತಿದ್ದವನು ಯಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ತಲೆ ಪೂರಾ ಬೆಳ್ಳಗಾಗಿದೆ. ಸನ್ಮಾನಕ್ಕೆ ಏಕೆ ಬರಲಿಲ್ಲವೆಂದರೆ, ಕುರಿ ಬಿಟ್ಟು ಹೆಂಗ ಬರ್ಲಿ ಎಂದ.

ಇಬ್ಬರೂ ಬಹಳ ಹೊತ್ತು ಕಲ್ಲಿನ ಮೇಲೆ ಕುಳಿತಿದ್ದೆವು. ಜೈಸಲ್ಮೇರಿನ ಕಥೆ ಹೇಳಿದೆ. ಫೋನಿನಲ್ಲಿ ಆ ಚಿತ್ರ ತೋರಿಸಿದೆ. ಅವನು ಕನ್ನಡಕ ಹುಡುಕಿ ಹಾಕಿಕೊಂಡು, ಪರದೆಯನ್ನು ಕಣ್ಣಿನ ಹತ್ತಿರ ತಂದು, ಒಂದು ನಿಮಿಷ ಮಾತಾಡದೆ ನೋಡಿದ. ಆಮೇಲೆ ಫೋನನ್ನು ನನ್ನ ಕೈಗೆ ಕೊಡುತ್ತ, "ಹುಲ್ಲು ಬೆಳೀತೈತಿ ಅಂತ ಬರದಿದ್ದೆ. ನಿಮಗ ನೆನಪೈತೇನ್ರಿ ಸರ್?" ಎಂದ.

ನೆನಪಿದೆ ಎಂದೆ.

"ಹಂಗಾದ್ರ ನನ್ನ ಎರಡು ಮಾರ್ಕು ಕೊಡ್ರಿ."

ಕೊಟ್ಟೆ. ಜೇಬಿನಲ್ಲಿದ್ದ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಅವನ ಹೆಸರು ಬರೆದು, ಎರಡಕ್ಕೆ ಎರಡು ಎಂದು ನಮೂದಿಸಿ, ದಿನಾಂಕ ಹಾಕಿ ರುಜು ಮಾಡಿದೆ. ಅದನ್ನು ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡು, ಕುರಿಗಳು ಶೇಂಗಾದ ಹೊಲಕ್ಕೆ ಇಳಿಯುತ್ತಿವೆಯೆಂದು ಎದ್ದು ಓಡಿದ.